ನಾಯಕನನ್ನು ಬದಲಿಸಿದರೆ ಸೀಟು ಜಾಸ್ತಿ ಬರುತ್ತಾ?
ಅವಧಿಯ ಮಧ್ಯದಲ್ಲೇ ಶಾಸಕಾಂಗ ಪಕ್ಷದ ನಾಯಕನನ್ನು (ಅಂದರೆ ಶಾಸಕರ ನಾಯಕ, ಪಕ್ಷ ಅಧಿಕಾರದಲ್ಲಿದ್ದರೆ ಅವರೇ ಮುಖ್ಯಮಂತ್ರಿ) ಬದಲಿಸಿದರೆ ಪಕ್ಷಕ್ಕೆ ಲಾಭವಾ ಅಂತ ಕೇಳಿದ್ದೀರಿ. ನನಗಂತೂ ಅನುಮಾನ. ನಮ್ಮಲ್ಲೇ ನೋಡಿ. 1989ರಲ್ಲಿ ವೀರೇಂದ್ರ ಪಾಟೀಲರ ಕಾಲಕ್ಕೆ ಕಾಂಗ್ರೆಸ್‌ಗೆ 224ರಲ್ಲಿ 178 ಸೀಟು. ಮರುವರ್ಷ ಅವರು ಕಾಯಿಲೆಯಿಂದ ಮಲಗಿದ್ದರು. ರಾಜೀವ್ ಗಾಂಧಿ ಬಂದರು, ನೋಡಿದರು, ವಾಪಸು ಹೊರಡುವಾಗ ವಿಮಾನ ನಿಲ್ದಾಣದಲ್ಲೇ ನಾಯಕತ್ವ ಬದಲಾವಣೆ ಎಂದುಬಿಟ್ಟರು! ಲಿಂಗಾಯತರು ಆ ಮುನಿಸು ಬಹಳ ವರ್ಷ ಬಿಡಲಿಲ್ಲ. ಬಂಗಾರಪ್ಪ ಬಂದರು, 1992ರಲ್ಲಿ ಅವರೂ ಇಳಿದು ಮೊಯಿಲಿ ಬಂದರು. ಬಂಗಾರಪ್ಪ ಮುನಿಸಿಕೊಂಡು ಬೇರೆ ಪಕ್ಷ ಕಟ್ಟಿದರು. 1994ರಲ್ಲಿ ಕೈಗೆ ಉಳಿದದ್ದು 34.

ಗುಜರಾತಿನಲ್ಲಿ ಮುಖ್ಯಮಂತ್ರಿಯಾಗಿದ್ದ ರೂಪಾಣಿ ಜಾಗಕ್ಕೆ ಭೂಪೇಂದ್ರ ಪಟೇಲ್ ಬಂದ ಮೇಲೆ 2022ರಲ್ಲಿ ಬಿಜೆಪಿಗೆ 156 ಬಂತು, ಅದೂ ನಿಜ. ಆದರೆ ಅಲ್ಲಿ ಇಳಿದವರು ಮುನಿಸಿಕೊಂಡು ಬೇರೆ ಪಕ್ಷ ಕಟ್ಟಲಿಲ್ಲ, ಅಲ್ವಾ? ಶಾಸಕರನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳದೆ ಬದಲಿಸಿದರೆ ಸುಮ್ನೆ ತಲೆನೋವು.