ಅರ್ಜಿಗಿಂತ ಮೊದಲು ಹೆಸರು ನೋಡ್ಕೊ

ತಮ್ಮಾ, ಶಿವಮೊಗ್ಗದಲ್ಲಿ ಬಿಇ ಕೊನೇ ವರ್ಷ ಓದ್ತಿದ್ದೀನಿ, ಬರೋ ಅಕ್ಟೋಬರ್‌ಗೆ ಜರ್ಮನಿಗೆ ಎಂಎಸ್ ಮಾಡೋಕೆ ಬರಬೇಕು, ಕನ್ಸಲ್ಟೆನ್ಸಿಗೆ ದುಡ್ಡು ಕಟ್ಟಬೇಕಾ, ತೋಟದ ಮೇಲೆ ಸಾಲ ಸಿಗುತ್ತಾ ಅಂತ ಕೇಳಿದ್ದೀಯ. ನಾನೂ ಹೊಸನಗರದ ಕಡೆಯವನೇ. ಡ್ರೆಸ್ಡೆನ್‌ಗೆ ಬಂದು ಹದಿಮೂರು ವರ್ಷ ಆಯ್ತು.

ಎಲ್ಲಕ್ಕಿಂತ ಮೊದಲು ನಿನ್ನ ಎಸ್ಸೆಸ್ಸೆಲ್ಸಿ, ಪಿಯುಸಿ, ವಿಟಿಯು ಅಂಕಪಟ್ಟಿ, ಪಾಸ್‌ಪೋರ್ಟ್ ನಾಲ್ಕನ್ನೂ ಜಗುಲಿ ಮೇಲೆ ಸಾಲಾಗಿ ಇಟ್ಟು ಹೆಸರು ಓದು. ನಮ್ಮ ಕಡೆ ಅಂಕಪಟ್ಟಿಯಲ್ಲಿ ಇನಿಷಿಯಲ್ ಇರುತ್ತೆ, ಊರಿಂದೊಂದು ಅಕ್ಷರ, ಅಪ್ಪಯ್ಯಂದೊಂದು. ಪಾಸ್‌ಪೋರ್ಟಿಗೆ ಅದನ್ನ ಬಿಡಿಸಿ ಬರೀಬೇಕು. ನಂದರಲ್ಲಿ ಅಪ್ಪಯ್ಯನ ಹೆಸರು ಸರ್‌ನೇಮ್ ಆಗಿ ಕೂತಿತು. ಅಂಕಪಟ್ಟಿಯವನೂ ಪಾಸ್‌ಪೋರ್ಟಿನವನೂ ಒಬ್ಬನೇ ಅಂತ ಅಫಿಡವಿಟ್ ಮಾಡಿಸಿ ಕಳಿಸೋ ಹೊತ್ತಿಗೆ ಗಡುವು ಮುಗಿದಿತ್ತು, ಒಂದು ವರ್ಷ ಮನೇಲೇ ಕಳೆದೆ. ಆ ವರ್ಷವೇ ಅಪ್ಪಯ್ಯ ಹೋದರು. ಇಲ್ಲಿಗೆ ಬಂದ ಹೊಸತರಲ್ಲಿ ಜ್ವರ ಅಂತ ಡಾಕ್ಟರ ಹತ್ರ ಹೋದಾಗ, ನರ್ಸ್ ಬಾಗಿಲಿಗೆ ಬಂದು ಅಪ್ಪಯ್ಯನ ಹೆಸರು ಕೂಗಿದರು. ಮತ್ತೊಂದು ಸಲ ಕೂಗಿದರು. ಎದ್ದು ನಿಲ್ಲೋಕೆ ನನಗೆ ಸ್ವಲ್ಪ ಹೊತ್ತು ಬೇಕಾಯ್ತು.

ನೀನು ಇನ್ನೂ ಪಾಸ್‌ಪೋರ್ಟ್ ಮಾಡಿಸಿಲ್ಲದಿದ್ದರೆ ಸರ್‌ನೇಮ್ ಜಾಗಕ್ಕೆ ಏನು ಬರೀಬೇಕು ಅಂತ ಮನೆಯವರ ಜೊತೆ ಕೂತು ತೀರ್ಮಾನಿಸು. ವೀಸಾ, ಬ್ಯಾಂಕು, ಬಾಡಿಗೆ ಕರಾರು ಎಲ್ಲದರಲ್ಲೂ ಅದೇ ಉಳಿಯೋದು.

ಆಮೇಲೆ ಎಪಿಎಸ್ ಪ್ರಮಾಣಪತ್ರ. ನಮ್ಮ ಕಾಲದಲ್ಲಿ ಇದಿರಲಿಲ್ಲ, 2022ರ ನವೆಂಬರ್‌ನಿಂದ ಭಾರತದವರಿಗೆ ಕಡ್ಡಾಯ. ನಿನ್ನ ಅಂಕಪಟ್ಟಿ ಅಸಲಿ ಅಂತ ಪರಿಶೀಲಿಸಿ ಕೊಡೋ ಪತ್ರ, ಶುಲ್ಕ 18,000 ರೂಪಾಯಿ. ಚಳಿಗಾಲದ ಸೆಮಿಸ್ಟರ್‌ಗೆ ಬಹಳ ಕಡೆ ಜುಲೈ 15 ಕೊನೇ ದಿನ, ಆದರೆ ಹೊರದೇಶದವರಿಗೆ ಮಾರ್ಚ್‌ನಲ್ಲೋ ಮೇನಲ್ಲೋ ಮುಚ್ಚೋ ಕೋರ್ಸೂ ಇವೆ. ಅಡಿಕೆ ಕೊನೆಕೊಯ್ಲು ಮುಗಿಯೋದ್ರೊಳಗೆ ಎಪಿಎಸ್‌ಗೆ ಹಾಕಿಬಿಡು.

ಕನ್ಸಲ್ಟೆನ್ಸಿ ಬೇಡ. ಅಲ್ಲಿನ ಬಹಳ ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ತಗೊಳ್ಳೋ ಯೂನಿ ಅಸಿಸ್ಟ್ ಮೂಲಕ ಮೊದಲ ಅರ್ಜಿಗೆ 75 ಯೂರೋ, ನಂತರದ ಒಂದೊಂದಕ್ಕೆ 30, ಅಷ್ಟೇ. ಕಮಿಷನ್ ಕೊಡೋ ಖಾಸಗಿ ಕಾಲೇಜಿನ ಕಡೆ ತಳ್ಳೋ ಏಜೆಂಟರೂ ಇದ್ದಾರೆ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕವೇ ಇಲ್ಲ. ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ 2017ರಿಂದ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ ಈಚೆಗೆ ಶುರುಮಾಡಿದೆ.

ವೀಸಾಕ್ಕೆ ಅಂತ ಮೊದಲೇ ತುಂಬಿಡಬೇಕಾದ ಬ್ಲಾಕ್ಡ್ ಅಕೌಂಟಿನ 11,904 ಯೂರೋ ಕೇಳಿ ನಿಮ್ಮಪ್ಪಯ್ಯ ಗಾಬರಿ ಆಗಿದ್ದಾರೆ ಅಂದೆಯಲ್ಲ, ಅದು ಫೀಸ್ ಅಲ್ಲ ಅಂತ ಅವರಿಗೆ ಬಿಡಿಸಿ ಹೇಳು. ಅಡಿಕೆ ದುಡ್ಡು ಮಂಡಿಯಲ್ಲೇ ಬಿಟ್ಟು ಬೇಕಾದಾಗ ತರ್ತಾರಲ್ಲ, ಹಾಗೇ. ದುಡ್ಡು ನಿಂದೇ, ತಿಂಗಳಿಗೆ 992 ಯೂರೋ ಕೈಗೆ ಬರುತ್ತೆ, ಊಟ, ಬಾಡಿಗೆ ಅದರಲ್ಲೇ. ಎಲೆಚುಕ್ಕೆ ರೋಗ ಬಂದ ಮೇಲೆ ನಿಮ್ಮ ಕಡೆ ಫಸಲು ಹೇಗಿದೆ ಅಂತ ನನಗೆ ಗೊತ್ತು, ಹಾಗಂತ ತೋಟ ಮಾರೋ ಮಾತು ಎತ್ತಬೇಡಿ. ಪಹಣಿ ಹಿಡಿದು ಹೋದರೆ ಶಿಕ್ಷಣ ಸಾಲಕ್ಕೆ ಬ್ಯಾಂಕಿನವರು ಹಿಂಜರೀತಾರೆ. ಸಾಲ ತೀರಿಸದಿದ್ದರೆ, ಬ್ಯಾಂಕು ಅಡವಿಟ್ಟ ಆಸ್ತಿ ವಶಕ್ಕೆ ತಗೊಳ್ಳೋ ಸರ್ಫೇಸಿ ಕಾಯಿದೆಯಲ್ಲಿ ಕೃಷಿ ಭೂಮಿ ಮುಟ್ಟೋಕಾಗಲ್ಲ, ಅದಕ್ಕೆ. ಪೇಟೆಯಲ್ಲಿ ಮನೆಯೋ ಸೈಟೋ ಇದ್ದರೆ ಅದನ್ನ ತೋರಿಸಿ.

ವರ್ಷಕ್ಕೆ 140 ಪೂರ್ತಿ ದಿನ ದುಡಿಯೋಕೆ ಅನುಮತಿ ಇದೆ. ಆದರೆ ಮೊದಲ ಸೆಮಿಸ್ಟರ್‌ನಲ್ಲಿ ಆ ದುಡ್ಡನ್ನ ಲೆಕ್ಕಕ್ಕೆ ಹಿಡೀಬೇಡ. ಜರ್ಮನ್ ಈಗಿಂದಲೇ ಕಲಿ. ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಸೀಟು ಕೊಡಿಸುತ್ತೆ, ರೂಮು ಹುಡುಕಿಕೊಡಲ್ಲ.

ನಾಲ್ಕು ದಾಖಲೆಯಲ್ಲೂ ಹೆಸರು ಹೇಗಿದೆಯೋ ಹಾಗೇ, ಒಂದಕ್ಷರ ಬಿಡದೆ ಬರೆದು ಕಳಿಸು. ಶನಿವಾರ ಸಂಜೆ ದೀಪ ಹಚ್ಚೋ ಹೊತ್ತಿಗೆ ಫೋನ್ ಮಾಡ್ತೀನಿ, ನಿಮ್ಮಪ್ಪಯ್ಯನೂ ಹತ್ರ ಇರಲಿ.