ಫ್ಲೋಟಿಂಗ್ ಮೆಟ್ಟಿಲು ಹಾಕಿಸೋ ಮುಂಚೆ ಗೋಡೆ ನೋಡಿ

30x40 ಸೈಟಿನ ಡ್ಯೂಪ್ಲೆಕ್ಸ್, 6 ಇಂಚಿನ ಸಾಲಿಡ್ ಬ್ಲಾಕ್ ಗೋಡೆ ಆಗಲೇ ಎದ್ದಿದೆ, ಹಾಲ್‌ನಲ್ಲಿ ಫ್ಲೋಟಿಂಗ್ ಮೆಟ್ಟಿಲು, ಅಂದರೆ ಕೆಳಗೆ ಆಸರೆ ಕಾಣದೆ ಗಾಳಿಯಲ್ಲಿ ತೇಲಿದ ಹಾಗಿರೋ ಮೆಟ್ಟಿಲು, ಬರುತ್ತಾ ಅಂತ ಕೇಳಿದ್ದೀರಿ. ವಯಸ್ಸಾದ ಅಪ್ಪ ಅಮ್ಮ, ಪುಟ್ಟ ಮಗು ಇದ್ದಾರೆ ಅಂತಲೂ ಬರೆದಿದ್ದೀರಿ.

ಬರುತ್ತೆ. ಆದರೆ ಆ ಗೋಡೆಗೆ ತೂತು ಹೊಡೆದು ಮೆಟ್ಟಿಲು ಸಿಕ್ಕಿಸ್ತೀನಿ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ನಾನು ಸ್ಟ್ರಕ್ಚರಲ್ ಇಂಜಿನಿಯರ್. ಲೆಕ್ಕ ಇಲ್ಲೇ ಹಾಕಿ ತೋರಿಸುತ್ತೇನೆ.

3 ಅಡಿ ಹೊರಗೆ ಚಾಚಿದ ಮೆಟ್ಟಿಲಿನ ತುದಿಯಲ್ಲಿ 80 ಕೆಜಿ ತೂಕದವರು ನಿಂತರು ಅಂತಿಟ್ಟುಕೊಳ್ಳಿ. ಗೋಡೆಯೊಳಗೆ ಅದಕ್ಕೆ ಸಿಗುವ ಹಿಡಿತ ಹೆಚ್ಚೆಂದರೆ 15 ಸೆಂ.ಮೀ. ಒತ್ತಡ ಆ ಹಿಡಿತದುದ್ದಕ್ಕೂ ಹರಡುವುದರಿಂದ ಸನ್ನೆಯಂತೆ ಕೆಲಸ ಮಾಡುವ ಉದ್ದ ಸುಮಾರು 10 ಸೆಂ.ಮೀ. ಮಾತ್ರ. 80 ಕೆಜಿಯನ್ನು 91 ಸೆಂ.ಮೀ.ನಿಂದ (3 ಅಡಿ) ಗುಣಿಸಿ 10ರಿಂದ ಭಾಗಿಸಿ: ಒಳಗಿನ ತುದಿ ಮೇಲಿನ ಬ್ಲಾಕನ್ನು ಸುಮಾರು 700 ಕೆಜಿ ಬಲದಿಂದ ಮೇಲಕ್ಕೆ ಒತ್ತುತ್ತದೆ. ಹತ್ತಿಳಿದಾಗಲೆಲ್ಲ ಇದೇ ಕಥೆ. ಮೊದಲು ಪ್ಲಾಸ್ಟರ್ ಬಿರುಕು ಬಿಡುತ್ತದೆ, ಆಮೇಲೆ ಮೆಟ್ಟಿಲು ಅಲ್ಲಾಡೋಕೆ ಶುರು.

ನಮ್ಮ ಹಳೇ ತೋಟದ ಬಾವಿಗಳಲ್ಲಿ ಗೋಡೆಯಿಂದ ಚಾಚಿದ ಕಲ್ಲುಚಪ್ಪಡಿ ಮೆಟ್ಟಿಲು ನೋಡಿರುತ್ತೀರಲ್ವಾ? ಅದೂ ಇದೇ ತತ್ವ. ಆದರೆ ಅಲ್ಲಿ ಚಪ್ಪಡಿ ದಪ್ಪ ಕಲ್ಲುಗೋಡೆಯೊಳಗೆ ಆಳಕ್ಕೆ ಹೋಗಿರುತ್ತದೆ, ಮೇಲಿನ ಕಲ್ಲುಗಳ ಭಾರ ಅದನ್ನು ಅಮುಕಿ ಹಿಡಿದಿರುತ್ತದೆ. ಬ್ಲಾಕ್ ಗೋಡೆಗೆ ಆ ತಾಕತ್ತಿಲ್ಲ.

ನಿಮಗೆ ಎರಡು ದಾರಿ ಇದೆ. ಒಂದು, ಗೋಡೆಗೆ ಒತ್ತಿಕೊಂಡಂತೆ ಓರೆಯಾಗಿ ಸ್ಟೀಲ್ ಬಾಕ್ಸ್ ಬೀಮ್ (ನಾಲ್ಕೂ ಕಡೆ ಮುಚ್ಚಿದ ಟೊಳ್ಳು ತೊಲೆ) ಇಟ್ಟು, ಕೆಳಗೆ ನೆಲಮಟ್ಟದಲ್ಲಿರೋ ಪ್ಲಿಂತ್ ಬೀಮಿಗೂ ಮೇಲಿನ ಸ್ಲ್ಯಾಬ್ ಬೀಮಿಗೂ ಕಟ್ಟಿ, ಮೆಟ್ಟಿಲುಗಳನ್ನು ಅದಕ್ಕೆ ವೆಲ್ಡ್ ಮಾಡಿಸುವುದು. ಮೇಲೆ ಪ್ಯಾನೆಲ್ ಹೊದಿಸಿದರೆ ಬೀಮ್ ಕಾಣಲ್ಲ. ಬಾಕ್ಸೇ ಯಾಕೆ ಅಂದರೆ ಅದು ತಿರುಚುವ ಬಲವನ್ನು ಚೆನ್ನಾಗಿ ತಡೆಯುತ್ತದೆ, ಒಂದು ಕಡೆ ತೆರೆದಿರೋ ಸಿ ಚಾನೆಲ್ ಅಷ್ಟು ತಡೆಯಲ್ಲ. ಇನ್ನೊಂದು, ಮೆಟ್ಟಿಲುಗಳ ನಡುಮಧ್ಯೆ ಕೆಳಗೆ ಒಂದೇ ದಪ್ಪ ಬೀಮ್. ಪೂರ್ತಿ ತೇಲಿದ ಹಾಗೆ ಕಾಣಲ್ಲ ನಿಜ, ಆದರೆ ಗೋಡೆಯ ತಂಟೆಯೇ ಇಲ್ಲ. ನಿಮ್ಮ ಮನೆಗೆ ನಾನಾದರೆ ಇದನ್ನೇ ಹೇಳುತ್ತೇನೆ.

ರೇಲಿಂಗ್ ಇಲ್ಲದ ಫೋಟೋಗಳಿಗೆ ಮರುಳಾಗಬೇಡಿ. ಮೆಕ್ಸಿಕೋ ಸಿಟಿಯಲ್ಲಿ ವಾಸ್ತುಶಿಲ್ಪಿ ಲೂಯಿಸ್ ಬರಗಾನ್ 1948ರಲ್ಲಿ ಕಟ್ಟಿಕೊಂಡ ಮನೆಯ ಹಲಗೆ ಮೆಟ್ಟಿಲಿಗೂ ರೇಲಿಂಗ್ ಇಲ್ಲ. ನೋಡೋಕೆ ಅದ್ಭುತ. ಆದರೆ ಆ ಪುಣ್ಯಾತ್ಮ ಮದುವೆಯೇ ಆಗಿರಲಿಲ್ಲ, ಮನೆಯಲ್ಲಿ ಓಡಾಡುವ ಮಕ್ಕಳಿರಲಿಲ್ಲ! ನಿಮ್ಮಲ್ಲಿ ಗಟ್ಟಿ ಹಿಡಿಕೆ ಬೇಕೇ ಬೇಕು. ಎರಡು ಮೆಟ್ಟಿಲ ನಡುವಿನ ಸಂದು 10 ಸೆಂ.ಮೀ. ಮೀರದಂತೆ ಕೆಳಗೊಂದು ಪಟ್ಟಿ ಹಾಕಿಸಿ, ಮಗುವಿನ ತಲೆ ತೂರಬಾರದು. ಕಾಲಿಡುವ ಅಗಲ 25 ಸೆಂ.ಮೀ.ಗಿಂತ ಕಮ್ಮಿ ಬೇಡ, ಅಪ್ಪ ಅಮ್ಮನಿಗೆ 28 ಇದ್ದರೆ ಆರಾಮ. ಗಾಜಿನ ಮೆಟ್ಟಿಲಂತೂ ಬೇಡವೇ ಬೇಡ.

ಇನ್ನು ಯುಪಿಎಸ್, ಚಪ್ಪಲಿ ಸ್ಟ್ಯಾಂಡ್‌ಗೆ ಬೇರೆ ಜಾಗ ಹುಡುಕಿಕೊಳ್ಳಿ. ಇಲ್ಲಿ ಮೆಟ್ಟಿಲ ಕೆಳಗೆ ಏನಿಟ್ಟರೂ ಕಾಣುತ್ತೆ, ಮೇಲಿಂದ ಧೂಳೂ ಬೀಳುತ್ತೆ.

ಫ್ಯಾಬ್ರಿಕೇಟರ್ (ಸ್ಟೀಲ್ ಕೆಲಸದವರು) ಮೆಟ್ಟಿಲಿಗೆ ಮರ ಹೊದಿಸೋ ಮುಂಚೆ ಒಂದು ದಿನ ಸೈಟಿಗೆ ಹೋಗಿ. ಬರೀ ಸ್ಟೀಲ್ ಮೆಟ್ಟಿಲಿನ ತುದಿಯಲ್ಲಿ ನಿಂತು ನೋಡಿ. ಕಾಲಿಗೆ ಅದುರು ಗೊತ್ತಾದರೆ, ಬಾಕಿ ದುಡ್ಡು ಕೊಡೋ ಮೊದಲೇ ಸರಿ ಮಾಡಿಸಿ.