ಮುಖದ ಮಸಾಜ್ ಮನೆಯಲ್ಲೇ ಕಲಿಯಬಹುದಾ? ಅದರಿಂದ ಸುಕ್ಕು ಹೋಗುತ್ತಾ?

ಧಾರಾಳವಾಗಿ ಕಲಿಯಬಹುದು, ಕೋರ್ಸ್ ಏನೂ ಬೇಕಿಲ್ಲ. ಆದರೆ ಸುಕ್ಕು ಮಾಯವಾಗುತ್ತದೆ ಎನ್ನುವ ಮಾತನ್ನು ನಂಬಿ ಕೂರಬೇಡಿ. ಸಿಗುವುದು ಬಿಗಿದ ಸ್ನಾಯುಗಳಿಗೆ ಆರಾಮ, ಬೆಳಗಿನ ಊತ ಸ್ವಲ್ಪ ಇಳಿಯುವುದು, ರಕ್ತಸಂಚಾರದಿಂದ ಒಂದಷ್ಟು ಹೊತ್ತಿನ ಹೊಳಪು. ಸುಕ್ಕು ತಡೆಯುವುದಕ್ಕೆ ಸನ್‌ಸ್ಕ್ರೀನೇ ಮೇಲು.

ದವಡೆಯಿಂದ ಶುರುಮಾಡಿ. ಹಲ್ಲು ಕಚ್ಚಿದಾಗ ಕಿವಿಯ ಮುಂದೆ, ತುಸು ಕೆಳಗೆ ಗಟ್ಟಿಯಾಗಿ ಉಬ್ಬುತ್ತದಲ್ಲ, ಅದೇ ಮ್ಯಾಸೆಟರ್ ಸ್ನಾಯು. ಈಗ ಬಾಯಿ ಸಡಿಲ ಬಿಟ್ಟು, ಎರಡು ಬೆರಳನ್ನು ಅಲ್ಲೇ ಒತ್ತಿ ನಿಧಾನವಾಗಿ ಸುತ್ತಿಸಿ. ಒಂದು ನಿಮಿಷ ಸಾಕು. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಅಲ್ಲಿ ನೋವೇ ಇರಬಹುದು, ಹಗುರ ಕೈಯಲ್ಲಿ ಮಾಡಿ. ಆಮೇಲೆ ಹುಬ್ಬಿನ ನಡು, ಹಣೆ.

ಊತಕ್ಕಾದರೆ ಒತ್ತಲೇಬಾರದು. ಊತದ ನೀರನ್ನು ಸಾಗಿಸುವ ದುಗ್ಧರಸ (ಲಿಂಫ್) ನಾಳಗಳು ಚರ್ಮದ ಕೆಳಗೇ ಇರುತ್ತವೆ. ಕೆನ್ನೆಯಿಂದ ಕಿವಿಯತ್ತ, ಅಲ್ಲಿಂದ ಕತ್ತಿನ ಪಕ್ಕಕ್ಕೆ ಇಳಿದು ಕೊರಳೆಲುಬಿನವರೆಗೆ ಸುಮ್ಮನೆ ನೇವರಿಸಿ. 1930ರ ದಶಕದಲ್ಲಿ ಡೆನ್ಮಾರ್ಕಿನ ಎಮಿಲ್ ವೋಡರ್ ರೂಪಿಸಿದ ದುಗ್ಧರಸ ಮಸಾಜ್ ವಿಧಾನವೂ ಇಂಥ ಹಗುರ ಸ್ಪರ್ಶದ್ದೇ.

ಬಾದಾಮಿ ಎಣ್ಣೆ ನಾಲ್ಕು ಹನಿ ಸಾಕು. ಮೊಡವೆ ಏಳುವ ಮುಖಕ್ಕೆ ಕೊಬ್ಬರಿ ಎಣ್ಣೆ ಬೇಡ, ಚರ್ಮದ ರಂಧ್ರ ಕಟ್ಟಿಕೊಳ್ಳಬಹುದು. ಕೀವು ತುಂಬಿದ ಮೊಡವೆಯ ಮೇಲಂತೂ ಕೈಯಾಡಿಸಲೇಬೇಡಿ. ಫಿಲ್ಲರ್ (ಸುಕ್ಕು ತುಂಬಲು ಚರ್ಮದೊಳಗೆ ಚುಚ್ಚುವ ಜೆಲ್) ಹಾಕಿಸಿಕೊಂಡಿದ್ದರೆ ಮೊದಲು ವೈದ್ಯರನ್ನು ಕೇಳಿ.